ಹನ್ನೆರಡು ಮಂದಿಯ ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಕರೆದಿದ್ದಾರೆ, ಹೋಗಲಾ ಬೇಡವಾ?

ನವನಗರದ ಸೊಸೆ

ಎಲ್ಲರಿಗೂ ನಮಸ್ಕಾರ ರೀ. ನಾನಿರುವುದು ಬಾಗಲಕೋಟೆ ನವನಗರದಲ್ಲಿ. ವಯಸ್ಸು 34, ಪಿಯುಸಿ ಆಗಿದೆ, ಇಬ್ಬರು ಮಕ್ಕಳು. ಇಲ್ಲಿಯವರೆಗೆ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದೆ. ಈಗ ಎಲ್ಲರೂ ರೆಡಿಮೇಡ್ ತರುತ್ತಾರೆ, ಫಾಲ್ ಪಿಕೋ ಬಿಟ್ಟರೆ ಬೇರೆ ಏನೂ ಬರುತ್ತಿಲ್ಲ.

ನಮ್ಮ ಮನೆಯಿಂದ ಎರಡು ಸೆಕ್ಟರ್ ಆಚೆ ಒಂದು ಸಣ್ಣ ವೃದ್ಧಾಶ್ರಮ ಇದೆ. ಬಾಡಿಗೆ ಮನೆ. ಕೆಳಗೆ ನಾಲ್ಕು ಖೋಲಿ, ಮೇಲೆ ಎರಡು. ಹನ್ನೆರಡು ಮಂದಿ ಇದ್ದಾರೆ, ಅದರಲ್ಲಿ ಮೂವರು ಹಾಸಿಗೆ ಬಿಟ್ಟು ಏಳುವುದಿಲ್ಲ. ಮೊದಲಿದ್ದವರು ಬಿಟ್ಟು ಹೋದರು ಅಂತ ನನ್ನನ್ನು ಕೇಳಿದ್ದಾರೆ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು. ತಿಂಗಳಿಗೆ ಒಂಬತ್ತು ಸಾವಿರ, ಮಧ್ಯಾಹ್ನ ಊಟ ಅಲ್ಲೇ. ವಾರದ ರಜೆ ಕೇಳಿದರೆ "ನೋಡೋಣ, ಇದು ಸೇವೆ ಅಲ್ವಾ, ನಮ್ಮ ಮನೆಯವರ ಹಾಗೆ ಇರಿ" ಎಂದರು.

ಅತ್ತೆಯವರಿಗೆ ಇಷ್ಟ ಇಲ್ಲ. "ಮಂದಿ ಹೇಲು ಉಚ್ಚಿ ಬಳ್ಯಾಕ ಹೊಂಟೀಯೇನು?" ಅಂತ ನೇರವಾಗೇ ಕೇಳಿದರು. ನಮ್ಮವರು ನಿನ್ನಿಷ್ಟ ಅಂತಾರೆ. ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ. ಸುಮ್ನೆ ಧೈರ್ಯ ತುಂಬೋದು ಬೇಡ.

ನೈಟ್ ಡ್ಯೂಟಿ

ತಂಗಿ, ನಾನು ಆರು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ಜಮಖಂಡಿ ಕಡೆ. ಮೊದಲ ಎರಡು ವರ್ಷ ಹಗಲು, ಈಗ ರಾತ್ರಿ.

ಅತ್ತೆಯವರ ಮಾತಿಗೆ ಮೊದಲು ಉತ್ತರ. ಹೌದು, ಬಳಿಯಬೇಕು. ಹದಿನೈದು ದಿನ ಊಟ ಸೇರುವುದಿಲ್ಲ, ಆಮೇಲೆ ಮೂಗು ಒಗ್ಗುತ್ತದೆ. ನಮ್ಮ ಮಕ್ಕಳದ್ದು ಬಳಿದಿಲ್ವಾ? ವ್ಯತ್ಯಾಸ ಏನೆಂದರೆ ಮಗುವಿಗೆ ನಾಚಿಕೆ ಇರುವುದಿಲ್ಲ, ಎಪ್ಪತ್ತೆಂಟು ವರ್ಷದ ಮಾಸ್ತರಿಗೆ ಇರುತ್ತದೆ. ಅವರು ಗೋಡೆ ಕಡೆ ಮುಖ ಮಾಡಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಆಗ ನೀನು ಮಾತಾಡುತ್ತಾ ಇರಬೇಕು, ಮಳೆ, ಕಬ್ಬಿನ ಬಿಲ್ಲಿನ ರೊಕ್ಕ, ಏನಾದರೂ. ಮೈಮೇಲೆ ಬಟ್ಟೆ ಪೂರ್ತಿ ತೆಗೆಯಬೇಡ, ಅರ್ಧ ಮುಚ್ಚಿ ಅರ್ಧ ಒರೆಸು. ಬಾಗಿಲು ಹಾಕು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಬ್ಬ ಅಜ್ಜಿ ಅತ್ತ ಮೇಲೆ ಗೊತ್ತಾಯಿತು.

ನಮ್ಮಲ್ಲಿ ದಿನ ಐದಕ್ಕೆ ಶುರು. ಡೈಪರ್ ಬದಲು, ಬಿಸಿನೀರು, ಒಬ್ಬೊಬ್ಬರಿಗೆ ಮೈ ಒರೆಸುವುದು. ನಡೆಯುವವರಿಗೆ ದಿನ ಬಿಟ್ಟು ದಿನ ಜಳಕ. ಆರೂವರೆಗೆ ಚಾ, ಆರು ಮಂದಿಗೆ ಸಕ್ಕರೆ ಹಾಕಿದ್ದು, ಐದು ಮಂದಿಗೆ ಹಾಕದೆ ಇದ್ದದ್ದು, ಆ ಐದರಲ್ಲಿ ಮೂವರು ದಿನಾ ಜಗಳ ತೆಗೆಯುತ್ತಾರೆ. ಎಂಟಕ್ಕೆ ಗುಳಿಗೆ. ಈ ಗುಳಿಗೆ ವಿಷಯದಲ್ಲಿ ಹುಷಾರ್. ನಾನು ಒಮ್ಮೆ ಒಬ್ಬ ಅಜ್ಜಿಯ ಬಿಪಿ ಗುಳಿಗೆ ಪಕ್ಕದ ಅಜ್ಜಿಗೆ ಕೊಟ್ಟುಬಿಟ್ಟೆ. ಇಬ್ಬರದ್ದೂ ಹೆಸರು ಒಂದೇ. ಅವರು ತಲೆ ತಿರುಗಿ ಕೂತುಬಿಟ್ಟರು. ಡಾಕ್ಟರಿಗೆ ಫೋನು ಹಚ್ಚಿ ಮುಚ್ಚಿಡದೆ ಹೇಳಿದೆ, ಮಲಗಿಸಿ ಕಾಲು ಮೇಲೆ ಮಾಡಿ, ಅರ್ಧ ಗಂಟೆಗೊಮ್ಮೆ ಬಿಪಿ ನೋಡಿ ಎಂದರು. ಸಂಜೆಗೆ ಸರಿಯಾದರು. ಆವತ್ತಿನಿಂದ ಡಬ್ಬಿ ಮೇಲೆ ಹೆಸರಿನ ಜೊತೆ ಫೋಟೋ ಅಂಟಿಸಿದ್ದೇವೆ.

ಬಳಿಯೋದು ಎತ್ತೋದು ಎಲ್ಲಾ ರೂಢಿ ಆಗುತ್ತದೆ. ರೂಢಿ ಆಗದೇ ಇದ್ದದ್ದು ಒಂದೇ. ಒಬ್ಬರು ತೀರಿಕೊಂಡ ವಾರದೊಳಗೆ ಅದೇ ಮಂಚಕ್ಕೆ ಬೇರೆಯವರು ಬರುತ್ತಾರೆ. ನೀನು ಹಳೇ ಹೆಸರಿನಿಂದ ಕರೆದುಬಿಡುತ್ತೀ.

ಬಿಕಾಂ ಪಾಸ್

ಭಾವನೆ ಎಲ್ಲಾ ಸರಿ ಅಕ್ಕಾರೆ, ಲೆಕ್ಕ ಹಾಕೋಣ. ಹನ್ನೆರಡು ತಾಸು, ರಜೆ ಇಲ್ಲದೆ ಮೂವತ್ತು ದಿನ, ಅಂದರೆ 360 ತಾಸು. ಒಂಬತ್ತು ಸಾವಿರ ಭಾಗಿಸಿದರೆ ತಾಸಿಗೆ 25 ರೂಪಾಯಿ. ಒಂದು ಪ್ಲೇಟ್ ಗಿರ್ಮಿಟ್ ಬರುತ್ತದೆ, ಅಷ್ಟೇ.

ಕರ್ನಾಟಕದಲ್ಲಿ ಸರ್ಕಾರ ಕನಿಷ್ಠ ವೇತನ ಗೊತ್ತು ಮಾಡಿದೆ, ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರಿ ಏರುತ್ತದೆ. ಕಾರ್ಮಿಕ ಇಲಾಖೆ ಆಫೀಸಿಗೆ ಹೋಗಿ ಈ ವರ್ಷದ ಪಟ್ಟಿ ಕೇಳಿ ನೋಡಿ. ಕಾಯ್ದೆಯಲ್ಲಿ ಹೇಳಿದ ತಾಸಿಗಿಂತ ಜಾಸ್ತಿ ದುಡಿಸಿಕೊಂಡರೆ ಓವರ್‌ಟೈಮ್ ಕೊಡಬೇಕು. ಆದರೆ ಸಣ್ಣ ಆಶ್ರಮ ಅಂದರೆ ಒಂದು ಸೂಕ್ಷ್ಮ ಇದೆ. ಇಎಸ್‌ಐ, ಅಂದರೆ ಕೆಲಸಗಾರರ ಆರೋಗ್ಯ ವಿಮೆ, ಬರಬೇಕೆಂದರೆ ಕೆಲಸಗಾರರು ಹತ್ತು ಮಂದಿ ಇರಬೇಕು, ಪಿಎಫ್‌ಗೆ ಇಪ್ಪತ್ತು. ಹನ್ನೆರಡು ಅಜ್ಜ ಅಜ್ಜಿಯರ ಮನೆಯಲ್ಲಿ ನಾಲ್ಕೋ ಐದೋ ಮಂದಿ ಕೆಲಸ ಮಾಡುತ್ತಾರೆ. ನಿಮ್ಮ ಸೊಂಟ ಹಿಡಿದರೆ ಇಎಸ್‌ಐ ದವಾಖಾನೆ ಇಲ್ಲ, ನಿಮ್ಮ ರೊಕ್ಕದಲ್ಲೇ ತೋರಿಸಿಕೊಳ್ಳಬೇಕು. ಸೇವೆ ಅನ್ನೋ ಮಾತು ಬಂದ ಕಡೆ ಮೊದಲು ಸಂಬಳದ ಚೀಟಿ ಕೇಳಿ.

ಹನ್ನೊಂದು ಹಾಸಿಗೆ

ಬಿಕಾಂ ಪಾಸ್ ಅವರಿಗೆ. ನಾನು ವಿಜಯಪುರದಲ್ಲಿ ಇಂಥದ್ದೇ ಮನೆ ನಡೆಸುತ್ತೇನೆ, ಹನ್ನೊಂದು ಹಾಸಿಗೆ. ನಿಮ್ಮ ಲೆಕ್ಕ ಸರಿ ಇದೆ. ನನ್ನ ಲೆಕ್ಕವನ್ನೂ ಕೇಳಿ. ಏಳು ಮಂದಿ ಮನೆಯವರು ತಿಂಗಳಿಗೆ ಎಂಟು ಸಾವಿರ ಕೊಡುತ್ತಾರೆ, ಇಬ್ಬರು ನಾಲ್ಕು ಸಾವಿರ, ಇಬ್ಬರಿಗೆ ಯಾರೂ ಇಲ್ಲ. ಒಟ್ಟು 64 ಸಾವಿರ. ಬಾಡಿಗೆ 14, ನಾಲ್ವರ ಸಂಬಳ 40, ಕಿರಾಣಿ ಹಾಲು ಕಾಯಿಪಲ್ಲೆ 30, ಕರೆಂಟು ಗ್ಯಾಸು ನೀರಿನ ಟ್ಯಾಂಕರ್ 6. ಒಟ್ಟು 90. ಕಡಿಮೆ ಬಿದ್ದ 26 ಸಾವಿರಕ್ಕೆ ಪ್ರತಿ ತಿಂಗಳೂ ಕೈಚಾಚಬೇಕು. ಇದರಲ್ಲಿ ಡೈಪರ್ ಲೆಕ್ಕ ಹಿಡಿದಿಲ್ಲ, ಅದನ್ನು ಮನೆಯವರೇ ತಂದುಕೊಡಬೇಕು, ಅರ್ಧ ಮಂದಿ ತರುವುದಿಲ್ಲ.

ಇಲ್ಲಿ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುತ್ತದೆ. ವಯಸ್ಸಾದವರಿಗೆ ನೀರಡಿಕೆ ಗೊತ್ತಾಗುವುದಿಲ್ಲ. ಏಪ್ರಿಲ್ ಮೇ ತಿಂಗಳಲ್ಲಿ ತಾಸಿಗೊಮ್ಮೆ ಲೋಟ ಹಿಡಿದು ಹನ್ನೊಂದೂ ಮಂಚಕ್ಕೆ ಹೋಗುವುದೇ ಒಬ್ಬರ ಕೆಲಸ. ಮಜ್ಜಿಗೆ, ಒಆರ್‌ಎಸ್, ಬರೀ ನೀರು, ಬೈದು ರಮಿಸಿ ಕುಡಿಸಬೇಕು. ಅದಕ್ಕೆ ಇನ್ನೊಬ್ಬರನ್ನು ಇಟ್ಟುಕೊಳ್ಳಬೇಕು ಅಂತ ನನಗೂ ಗೊತ್ತು.

2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ, ದಿಕ್ಕಿಲ್ಲದ ವೃದ್ಧರಿಗಾಗಿ ಜಿಲ್ಲೆಗೊಂದಾದರೂ ಆಶ್ರಮ, ಕನಿಷ್ಠ 150 ಮಂದಿ ಹಿಡಿಸುವಂಥದ್ದು, ಸರ್ಕಾರ ಕಟ್ಟಬಹುದು ಅಂತ ಬರೆದಿದೆ. ಕಟ್ಟಬಹುದು ಅಂತ, ಕಟ್ಟಲೇಬೇಕು ಅಂತಲ್ಲ. ಆ ಜಾಗವನ್ನು ನಮ್ಮಂಥ ಬಾಡಿಗೆ ಮನೆಗಳು ತುಂಬುತ್ತಿವೆ.

ಬಿಕಾಂ ಪಾಸ್

ಲೆಕ್ಕ ಬಿಚ್ಚಿಟ್ಟದ್ದಕ್ಕೆ ಥ್ಯಾಂಕ್ಸ್ ಸರ್, ನಿಜವಾಗಿ. ನನ್ನ ತಕರಾರು ಒಂದೇ. ಕಿರಾಣಿ ಅಂಗಡಿಯವನಿಗೆ "ಇದು ಸೇವೆ, ಬೇಳೆ ಅರ್ಧ ರೇಟಿಗೆ ಕೊಡು" ಅಂತ ನೀವು ಹೇಳುವುದಿಲ್ಲ. ಮನೆ ಮಾಲೀಕನಿಗೂ ಹೇಳುವುದಿಲ್ಲ. ಕೆಲಸದ ಹೆಣ್ಣುಮಕ್ಕಳಿಗೆ ಮಾತ್ರ ಹೇಳುತ್ತೀರಿ.

ಹನ್ನೊಂದು ಹಾಸಿಗೆ

ಮನೆ ಮಾಲೀಕನಿಗೆ ಹೇಳಿ ನೋಡಿದ್ದೇನೆ. ಎರಡು ತಿಂಗಳು ಬಿಟ್ಟುಕೊಟ್ಟು ಮೂರನೇ ತಿಂಗಳು ಏರಿಸಿದ. ಉಳಿದದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಬೆಳಗಾವಿ ಸಿಸ್ಟರ್

ನಾನು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಮಾಡಿದವಳು. ಐದು ವರ್ಷ ದೊಡ್ಡ ಆಸ್ಪತ್ರೆ, ಈಗ ಬೆಳಗಾವಿಯಲ್ಲಿ ಹದಿನಾರು ಮಂದಿಯ ಮನೆಯೊಂದಕ್ಕೆ ವಾರಕ್ಕೆ ಮೂರು ದಿನ ಹೋಗುತ್ತೇನೆ. ಜಗಳ ಆಮೇಲೆ ಆಡಿ, ಈ ತಂಗಿಗೆ ಕೆಲಸ ಕಲಿಯಲು ಬೇಕಾದ್ದು ಹೇಳೋಣ. ಇದು ಯಾರು ಬೇಕಾದರೂ ಮಾಡುವ ಕೆಲಸ ಅಂದುಕೊಂಡೇ ಸಂಬಳ ಕಡಿಮೆ ಇಟ್ಟಿರುವುದು. ಕಲಿತು ಮಾಡಿದರೆ ಬೇರೆ ಮಾತು.

ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು. ರಾತ್ರಿಯೂ ಅಷ್ಟೇ. ಬೆನ್ನಿನ ಕೆಳಗೆ ಬಾಲದ ಎಲುಬಿನ ಹತ್ತಿರ, ಚಪ್ಪೆ (ಸೊಂಟದ ಬದಿಯ ಎಲುಬು) ಮೇಲೆ, ಹಿಮ್ಮಡಿಯಲ್ಲಿ ದಿನಾ ಕಣ್ಣಿಟ್ಟು ನೋಡು. ಕೆಂಪಾಗಿದ್ದರೆ ಬೆರಳಿಂದ ಒತ್ತು. ಒತ್ತಿದಾಗ ಬೆಳ್ಳಗಾಗದೆ ಕೆಂಪಾಗೇ ಉಳಿದರೆ ಹಾಸಿಗೆ ಹುಣ್ಣು ಶುರುವಾಯಿತು ಅಂತ ಅರ್ಥ. ಬಣ್ಣ ಕಪ್ಪಿದ್ದವರಲ್ಲಿ ಕೆಂಪು ಕಾಣುವುದಿಲ್ಲ, ಅಲ್ಲಿ ಬಿಸಿಯಾಗಿದೆಯಾ ಗಟ್ಟಿಯಾಗಿದೆಯಾ ಮುಟ್ಟಿ ನೋಡಬೇಕು. ಆ ಜಾಗ ತಿಕ್ಕಬೇಡ, ಎಣ್ಣೆ ಮಾಲೀಶು ಅಂತೂ ಬೇಡವೇ ಬೇಡ, ನಮ್ಮ ಹಿರಿಯರು ಪ್ರೀತಿಯಿಂದ ಮಾಡುವ ದೊಡ್ಡ ತಪ್ಪು ಅದು. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ಇರುವ ಹಾಗೆ ಮಾಡು. ಗಾಳಿ ಹಾಸಿಗೆ ಇದ್ದರೂ ತಿರುಗಿಸುವುದು ತಪ್ಪಿದ್ದಲ್ಲ. ಅದನ್ನು ಹಾಕಿ ಬೆಳಗಿನವರೆಗೆ ಮರೆತುಬಿಡುವವರು ಬಹಳ.

ಊಟ ಯಾವಾಗಲೂ ಕೂರಿಸಿ, ಗದ್ದ ಸ್ವಲ್ಪ ಕೆಳಗೆ. ಉಂಡ ಮೇಲೆ ಅರ್ಧ ತಾಸು ಮಲಗಿಸಬೇಡ. ನುಂಗಲು ಕಷ್ಟ ಇರುವವರಿಗೆ ಗಟ್ಟಿಗಿಂತ ತೆಳು ನೀರೇ ಜಾಸ್ತಿ ಅಪಾಯ, ನೆತ್ತಿಗೆ ಹತ್ತುತ್ತದೆ, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಗಂಜಿ ಹದಕ್ಕೆ ದಪ್ಪ ಇದ್ದರೆ ನಿಧಾನವಾಗಿ ಇಳಿಯುತ್ತದೆ.

ಸಕ್ಕರೆ ಕಾಯಿಲೆಯವರು ಒಮ್ಮೆಲೇ ಬೆವತು ನಡುಗಿದರೆ, ಇಲ್ಲ ತಿಕ್ಕಲು ತಿಕ್ಕಲು ಮಾತಾಡಿದರೆ ಸಕ್ಕರೆ ಇಳಿದಿರಬಹುದು. ಮಷೀನಿನಲ್ಲಿ 70ಕ್ಕಿಂತ ಕೆಳಗೆ ಬಂದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡ, 108ಕ್ಕೆ ಫೋನು ಹಚ್ಚು.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ನಿನ್ನೆವರೆಗೆ ನೆಟ್ಟಗಿದ್ದ ಅಜ್ಜಿ ಇವತ್ತು ಒಮ್ಮೆಲೇ ಹಲುಬಲು ಶುರು ಮಾಡಿದರೆ ಅರಳುಮರಳು ಅಂತ ಬಿಡಬೇಡ. ಉಚ್ಚೆಯ ಸೋಂಕು ಇರಬಹುದು, ಮಲಬದ್ಧತೆ ಇರಬಹುದು, ಹೊಸ ಗುಳಿಗೆ ಇರಬಹುದು. ವಯಸ್ಸಾದವರಲ್ಲಿ ಜ್ವರ ಬರದೆಯೂ ಸೋಂಕು ತಲೆಗೆ ಹೋಗಿ ಕಾಣಿಸುತ್ತದೆ. ಇದನ್ನು ಮೊದಲು ಗುರುತಿಸುವವಳು ದಿನಾ ಜೊತೆಗಿರುವ ನೀನೇ, ಹದಿನೈದು ದಿನಕ್ಕೊಮ್ಮೆ ಬರುವ ಡಾಕ್ಟರ್ ಅಲ್ಲ.

ಎತ್ತುವ ಕೆಲಸ

ನಾನು ಗಂಡಸು. ಈ ಕೆಲಸಕ್ಕೆ ಗಂಡಸರು ಸಿಗೋದಿಲ್ಲ ಅಂತ ನನಗೆ ಹಗಲು ರಾತ್ರಿ ಎರಡೂ ಹಚ್ಚುತ್ತಾರೆ. ಮೊದಲು ಗೋವಾದಲ್ಲಿ ಸೆಂಟ್ರಿಂಗ್ ಮಾಡುತ್ತಿದ್ದೆ. ಸಿಮೆಂಟ್ ಚೀಲ ಎತ್ತಿದ ಸೊಂಟ, ಆದರೂ ಇಲ್ಲಿ ಬಂದು ಆರೇ ತಿಂಗಳಲ್ಲಿ ಹಿಡಿಯಿತು. ಚೀಲ ಅಲುಗಾಡುವುದಿಲ್ಲ, ಅಜ್ಜ ಹೆದರಿ ನಿಮ್ಮ ಕುತ್ತಿಗೆಗೆ ಜೋತು ಬೀಳುತ್ತಾರೆ.

ಅದಕ್ಕೆ ಒಬ್ಬರೇ ಎತ್ತಲು ಹೋಗಬೇಡಿ. ಗಟ್ಟಿ ಚಾದರ ಎರಡು ಮಡಿಕೆ ಮಾಡಿ ಅವರ ಬೆನ್ನಿಂದ ತೊಡೆವರೆಗೆ ಕೆಳಗೆ ಹಾಸಿ, ಇಬ್ಬರು ಎರಡು ಕಡೆ ಹಿಡಿದು ಚಾದರ ಸಮೇತ ಸರಿಸಿ. ಮೈಯನ್ನು ಎಳೆದರೆ ಅವರ ಚರ್ಮ ಕಿತ್ತು ಬರುತ್ತದೆ, ಹಪ್ಪಳದ ಹಾಗಿರುತ್ತದೆ. ಮಂಡಿ ಬಗ್ಗಿಸಿ, ನಡು ಬಗ್ಗಿಸಬೇಡಿ. ಇನ್ನೊಬ್ಬರು ಇಲ್ಲ ಅಂತ ಮಾಲೀಕರು ಅಂದರೆ "ನಾನೂ ಬಿದ್ದರೆ ಇಬ್ಬರನ್ನು ಯಾರು ಎತ್ತುತ್ತಾರೆ?" ಅಂತ ಕೇಳಿ.

ಇಎಸ್‌ಐ ಇಲ್ಲದವರು ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಮಾಡಿಸಿಕೊಳ್ಳಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ ಎರಡು ಲಕ್ಷ. ಸೊಂಟಕ್ಕೆ ಅದು ಬರೋದಿಲ್ಲ, ಅದು ಬೇರೆ ಮಾತು.

ಪುಣೆಯಲ್ಲಿದ್ದೇನೆ

ಇದನ್ನು ಬರೆಯಲೋ ಬೇಡವೋ ಅಂತ ಎರಡು ಸಲ ಅಳಿಸಿದೆ. ನಮ್ಮವ್ವ ಒಂದೂವರೆ ವರ್ಷದಿಂದ ಇಂಥ ಒಂದು ಮನೆಯಲ್ಲಿದ್ದಾಳೆ. ನಾನು ಪುಣೆಯಲ್ಲಿ ಕಂಪನಿ ಕೆಲಸ, ಒಂದೇ ಬೆಡ್‌ರೂಮ್, ಹೆಂಡತಿಯೂ ದುಡಿಯುತ್ತಾಳೆ. ಅವ್ವ ಗ್ಯಾಸ್ ಹಚ್ಚಿ ಮರೆಯುತ್ತಿದ್ದಳು, ಎರಡು ಸಲ ಅಪಾರ್ಟ್‌ಮೆಂಟ್ ಬಿಟ್ಟು ಹೋಗಿ ದಾರಿ ತಪ್ಪಿದಳು. ಊರಲ್ಲಿ ಅಣ್ಣ ಇಟ್ಟುಕೊಳ್ಳಲಿಲ್ಲ. ಊರಿಗೆ ಹೋದಾಗ ಯಾರೂ ಮುಖಕ್ಕೆ ಏನೂ ಅನ್ನುವುದಿಲ್ಲ, "ಅವ್ವಾರು ಆರಾಮ ಅದಾರೇನು?" ಅಂತ ಕೇಳುವ ಧಾಟಿಯಲ್ಲೇ ಎಲ್ಲಾ ಇರುತ್ತದೆ.

ನನ್ನದು ಒಂದು ಪ್ರಶ್ನೆ. ವಿಡಿಯೋ ಕಾಲ್ ಮಾಡಿದಾಗ ಅಲ್ಲಿಯ ಹೆಣ್ಣುಮಗಳು "ನಿಮ್ಮವ್ವ ಚಂದ ಇದ್ದಾರೆ, ಉಂಡರು" ಅನ್ನುತ್ತಾಳೆ. ನಿಜ ಹೇಳುತ್ತೀರಾ ನೀವು?

ನೈಟ್ ಡ್ಯೂಟಿ

ತಮ್ಮಾ, ನೂರಕ್ಕೆ ಅರವತ್ತು ನಿಜ. ಉಂಡದ್ದು ನಿಜ ಇರುತ್ತದೆ. ಅರ್ಧ ರೊಟ್ಟಿ ಉಂಡರೂ ಉಂಡರು ಅಂತೇವೆ. ರಾತ್ರಿ ಮೂರಕ್ಕೆ ಎದ್ದು ನಿನ್ನ ಹೆಸರು ಕೂಗಿದ್ದು ಹೇಳುವುದಿಲ್ಲ. ಹೇಳಿದರೆ ನೀನು ಪುಣೆಯಲ್ಲಿ ಕೂತು ಏನು ಮಾಡುತ್ತೀ?

ನೀನು ಕೇಳಬೇಕಾದ್ದು "ಹೇಗಿದ್ದಾಳೆ" ಅಂತಲ್ಲ. ಬೆನ್ನು ತೋರಿಸಿ ಅನ್ನು. ತೂಕ ಎಷ್ಟು ಅನ್ನು, ಪ್ರತಿ ತಿಂಗಳು ಬರೆದಿಟ್ಟಿದ್ದಾರಾ ಕೇಳು. ಉಗುರು ನೋಡು. ಹೇಳದೆ ಕೇಳದೆ ಒಮ್ಮೆ ಮಧ್ಯಾಹ್ನ ಮೂರರ ಸುಮಾರಿಗೆ ಹೋಗು, ಆ ಹೊತ್ತಿಗೆ ಯಾವ ಆಶ್ರಮವೂ ಸಿಂಗರಿಸಿಕೊಂಡಿರುವುದಿಲ್ಲ. ಮತ್ತೆ ಹೋದಾಗ ಜಿಲೇಬಿ ತರಬೇಡ.

ಒಲೆ ಮುಂದೆ

ಜಿಲೇಬಿ ಅಂದ ಕೂಡಲೇ ಬಂದೆ! ನಾನು ಅಡುಗೆಯವಳು, ವಿಜಯಪುರ. ಹುಟ್ಟುಹಬ್ಬದವರು, ಪುಣ್ಯತಿಥಿಯವರು, ಆನಿವರ್ಸರಿಯವರು ತಿಂಗಳಿಗೆ ಏಳೆಂಟು ಮಂದಿ ಬರುತ್ತಾರೆ. ಎಲ್ಲರೂ ಸಿಹಿ ತರುತ್ತಾರೆ. ಅಜ್ಜ ಅಜ್ಜಿಯರನ್ನು ಸಾಲಾಗಿ ಕೂರಿಸಿ ಬಾಯಿಗೆ ಕೇಕ್ ಇಟ್ಟು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಮರುದಿನ ಸಕ್ಕರೆ 350. ಒಬ್ಬ ಅಜ್ಜಿ ನನ್ನನ್ನು ಕರೆದು "ನಾ ಸತ್ತ ಮ್ಯಾಲ ಈ ಫೋಟೋ ಪೇಪರಿನ್ಯಾಗ ಹಾಕ್ತಾರೇನ?" ಎಂದಿದ್ದರು. ಕೊಡಬೇಕು ಅನ್ನಿಸಿದರೆ ಡೈಪರ್ ಕೊಡಿ, ಡೆಟಾಲ್ ಕೊಡಿ, ಹಳೇ ಹತ್ತಿ ಸೀರೆ ಕೊಡಿ, ಹಾಸಲು ಹರಿದು ಒರೆಸಲು ಅದಕ್ಕಿಂತ ಒಳ್ಳೇದು ಬೇರೆ ಇಲ್ಲ. ಇಲ್ಲಾ ಕರೆಂಟ್ ಬಿಲ್ ಕಟ್ಟಿ, ಅದರ ಫೋಟೋ ಹೊಡಕೊಳ್ಳಿ.

ಅಡುಗೆ ವಿಷಯ ಯಾರೂ ಬರೆದಿಲ್ಲ. ನಮ್ಮ ಕಡೆಯ ಮುದುಕರಿಗೆ ಅನ್ನ ಎಷ್ಟು ಹಾಕಿದರೂ ಉಂಡ ಹಾಗಾಗುವುದಿಲ್ಲ, ರೊಟ್ಟಿ ಬೇಕು. ಹಲ್ಲಿಲ್ಲ. ನಾನು ಬಿಸಿ ರೊಟ್ಟಿಯನ್ನು ಹೆಂಚಿನಿಂದ ಇಳಿಸಿ ಹಾಗೇ ಒರಳಲ್ಲಿ ಬಳ್ಳೊಳ್ಳಿ, ಜೀರಿಗೆ, ಉಪ್ಪು, ತುಪ್ಪ ಹಾಕಿ ಕುಟ್ಟಿ ಮುಟಗಿ ಮಾಡುತ್ತೇನೆ. ಹಸಿಮೆಣಸಿನಕಾಯಿ ಬಿಡುತ್ತೇನೆ. ಮೇಲೆ ಬೇಳೆ ಕಟ್ಟು ಹಾಕಿ ಮೆತ್ತಗೆ ಕಲಸಿದರೆ ವಸಡಿನಲ್ಲೇ ಆಡಿಸಿ ನುಂಗುತ್ತಾರೆ. ರಾತ್ರಿಗೆ ಜೋಳದ ನುಚ್ಚು ಮಜ್ಜಿಗೆ. ಅನ್ನ ಸಾರಿನಲ್ಲೇ ದಿನ ದಾಟಿಸಿಬಿಟ್ಟರೆ ಖರ್ಚು ಕಡಿಮೆ, ಕೆಲಸ ಕಡಿಮೆ. ಆದರೆ ತಟ್ಟೆ ವಾಪಸು ಬರುತ್ತದೆ.

ಬೆಳಗಾವಿ ಸಿಸ್ಟರ್

ಸಿಸ್ಟರ್ ಆಗಿ ಹೇಳುತ್ತೇನೆ, ಮೇಲಿನ ಅಕ್ಕನ ಮುಟಗಿ ನನ್ನ ಅರ್ಧ ಟಾನಿಕ್‌ಗಿಂತ ಮೇಲು. ನುಂಗಲು ತೊಂದರೆ ಇಲ್ಲದವರಿಗೆ ಮಾತ್ರ.

ಬೆಳಗಾವಿಯ ಒಂದು ವಿಶೇಷ ಹೇಳಲೇಬೇಕು. ಮರೆವಿನ ಕಾಯಿಲೆ ಬಂದವರು ಎಷ್ಟೋ ಸಲ ಆಮೇಲೆ ಕಲಿತ ಭಾಷೆಯನ್ನು ಮೊದಲು ಬಿಡುತ್ತಾರೆ. ನಮ್ಮಲ್ಲಿ ಒಬ್ಬ ಆಜಿ ನಲವತ್ತು ವರ್ಷ ಕನ್ನಡದ ಮನೆಯಲ್ಲಿ ಬಾಳಿದವರು, ಮಕ್ಕಳೆಲ್ಲಾ ಕನ್ನಡ. ಈಗ ಬರೀ ಮರಾಠಿ, ಅದೂ ಖಾನಾಪುರ ಕಡೆಯ ಸಣ್ಣ ಹುಡುಗಿಯ ಮರಾಠಿ. ಮಗನಿಗೇ ಅರ್ಧ ತಿಳಿಯುವುದಿಲ್ಲ. ಅದಕ್ಕೆ ನಮ್ಮ ಕೆಲಸದವರೆಲ್ಲಾ ನೋವು, ನೀರು, ಹಸಿವು, ಉಚ್ಚೆ ಇಷ್ಟು ಮಾತು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಕಲಿತಿದ್ದಾರೆ. ಊರಲ್ಲಿ ಭಾಷೆ ಜಗಳ ಎದ್ದ ದಿನವೂ ಒಳಗೆ ಇದೇ ನಡೆಯುತ್ತದೆ.

ನವನಗರದ ಸೊಸೆ

ಇಷ್ಟೆಲ್ಲಾ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ ರೀ. ನಿನ್ನೆ ಹೋಗಿ ಒಂದು ದಿನ ಸುಮ್ನೆ ಇದ್ದು ಬಂದೆ. ಒಂದು ಕೇಳಬೇಕು, ಹೆದರಿಕೆಯದ್ದು. ಯಾರಾದರೂ ತೀರಿಕೊಂಡರೆ ನಾವು ಏನು ಮಾಡಬೇಕು? ನಾನು ಹೆಣ ಮುಟ್ಟಿದವಳಲ್ಲ.

ನೈಟ್ ಡ್ಯೂಟಿ

ಕೇಳಿದ್ದು ಒಳ್ಳೇದಾಯಿತು. ಹೆಚ್ಚಿನವರು ಹೋಗುವುದು ನಸುಕಿನಲ್ಲಿ, ಅಂದರೆ ನನ್ನ ಪಾಳಿಯಲ್ಲಿ. ಇದು ನನ್ನ ಅನುಭವ, ಶಾಸ್ತ್ರ ಅಲ್ಲ.

ಮೊದಲು ಮಾಲೀಕರಿಗೆ ಫೋನು, ಅವರು ಡಾಕ್ಟರನ್ನು ಕರೆಸುತ್ತಾರೆ. ಡಾಕ್ಟರ್ ನೋಡಿ ಹೇಳುವವರೆಗೆ ನೀನು ಯಾರಿಗೂ "ಹೋದರು" ಅಂತ ಹೇಳಬೇಡ. ಅವರು ಕೊಡುವ ಚೀಟಿ ಬೇಕೇ ಬೇಕು. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು, ಬ್ಯಾಂಕು, ಪಿಂಚಣಿ, ಹೊಲದ ಪಹಣಿ ಎಲ್ಲಕ್ಕೂ ಮನೆಯವರು ಆಮೇಲೆ ಆ ಕಾಗದಕ್ಕೇ ಓಡಾಡುತ್ತಾರೆ.

ಡಾಕ್ಟರ್ ಹೇಳಿದ ಮೇಲೆ ಕಣ್ಣು ಮುಚ್ಚಿಸು, ಗದ್ದಕ್ಕೆ ಬಟ್ಟೆ ಕಟ್ಟು, ಕೈಕಾಲು ನೇರ ಮಾಡು. ಇಲ್ಲಿ ಒಂದು ಮಾತು ಬಹಳ ಮುಖ್ಯ. ಲಿಂಗಾಯತರಾದರೆ ಕೂರಿಸಿ ಮಣ್ಣು ಮಾಡುತ್ತಾರೆ. ಮೈ ಸೆಟೆದ ಮೇಲೆ ಕೂರಿಸಲು ಬರುವುದಿಲ್ಲ. ಎರಡು ಮೂರು ತಾಸಿನೊಳಗೆ ಗೋಡೆಗೆ ಒರಗಿಸಿ ಕಾಲು ಮಡಿಸಿ ಬಟ್ಟೆಯಿಂದ ಕಟ್ಟಿ ಕೂರಿಸಿಬಿಡಬೇಕು. ಮಗ ಬೆಂಗಳೂರಿನಿಂದ ಬಂದು ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಆಗಿರುತ್ತದೆ. ನನ್ನ ಮೊದಲ ವರ್ಷದಲ್ಲಿ ಇದು ಗೊತ್ತಿರಲಿಲ್ಲ. ಮಲಗಿಸೇ ಇಟ್ಟಿದ್ದೆವು. ಆಮೇಲೆ ಆದದ್ದನ್ನು ಬರೆಯುವುದಿಲ್ಲ. ಮುಸ್ಲಿಮರಾದರೆ ನಾವು ಮುಖ ಮುಚ್ಚಿ ಮರ್ಯಾದೆಯಿಂದ ಇಡುವುದು ಅಷ್ಟೇ, ಸ್ನಾನ ಅವರ ಕಡೆಯವರೇ ಬಂದು ಮಾಡಿಸುತ್ತಾರೆ, ಹೆಂಗಸರಿಗೆ ಹೆಂಗಸರು. ಸೇರಿಸಿಕೊಳ್ಳುವ ದಿನದ ಫಾರಂನಲ್ಲೇ ಇದನ್ನು ಕೇಳಿ ಬರೆದಿಡಿ ಅಂತ ನಿಮ್ಮ ಮಾಲೀಕರಿಗೆ ಹೇಳು. ಬದುಕಿದ್ದಾಗ ಕೇಳಲು ಸಂಕೋಚ, ಸತ್ತ ಮೇಲೆ ಕೇಳಲು ಯಾರೂ ಇರುವುದಿಲ್ಲ.

ಹೆಣದ ಹೆದರಿಕೆ ಬರುವುದಿಲ್ಲ ನೋಡು. ಹಿಂದಿನ ರಾತ್ರಿ ಹಾಲು ಕುಡಿಸಿದ ಮೈ ಅದು.

ಬಿಕಾಂ ಪಾಸ್

ನಾನು ಮೇಲೆ ಬರೀ ರೊಕ್ಕದ ಮಾತಾಡಿದೆ. ಈಗ ಇನ್ನೂ ಜೋರಾಗಿ ಆಡಬೇಕು ಅನ್ನಿಸುತ್ತಿದೆ. ಇಷ್ಟೆಲ್ಲಾ ಗೊತ್ತಿರಬೇಕಾದ ಕೆಲಸಕ್ಕೆ ಒಂಬತ್ತು ಸಾವಿರವಾ?

ಮನೆಯವರ ಕಡೆಯಿಂದಲೂ ಒಂದು ದಾರಿ ಇದೆ. ಮಕ್ಕಳು ನೋಡಿಕೊಳ್ಳದಿದ್ದರೆ ಅದೇ 2007ರ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿ ಹತ್ತಿರ ಅರ್ಜಿ ಹಾಕಬಹುದು. ತಿಂಗಳಿಗೆ ಹತ್ತು ಸಾವಿರದವರೆಗೆ ಜೀವನಾಂಶ ಕೊಡಿಸುತ್ತಾರೆ. ನೋಡಿಕೊಳ್ಳುತ್ತೇನೆ ಅನ್ನೋ ಷರತ್ತಿನ ಮೇಲೆ ಹೊಲ ಮನೆ ಬರೆಸಿಕೊಂಡು ಕೈಬಿಟ್ಟರೆ ಆ ಪತ್ರ ರದ್ದು ಮಾಡಿಸಬಹುದು. ವೃದ್ಧರ ಸಹಾಯವಾಣಿ 14567. ಹನ್ನೊಂದು ಹಾಸಿಗೆಯ ಸರ್, ಆ ಇಬ್ಬರು ಅರ್ಧ ಕೊಡುವವರ ಮಕ್ಕಳಿಗೆ ಹೊಲ ಎಷ್ಟಿದೆ ಕೇಳಿದ್ದೀರಾ?

ಹನ್ನೊಂದು ಹಾಸಿಗೆ

ಒಬ್ಬನಿಗೆ ಹದಿನಾಲ್ಕು ಎಕರೆ, ದ್ರಾಕ್ಷಿ. ಅವನ ಅವ್ವನಿಗೆ ಹೇಳಿದೆ, ಅರ್ಜಿ ಹಾಕಿಸುತ್ತೇನೆ ಅಂತ. "ನನ್ನ ಮಗನ್ನ ಕೋರ್ಟಿಗೆ ಎಳಿಯಾಂವ ಇದ್ರ ನಾ ಇವತ್ತ ಉಪವಾಸ" ಅಂದಳು. ಎರಡು ಹೊತ್ತು ಉಣ್ಣಲಿಲ್ಲ.

ನವನಗರದ ಸೊಸೆ

ನಲವತ್ತು ದಿನ ಆಯಿತು, ಕೆಲಸಕ್ಕೆ ಸೇರಿದ್ದೇನೆ. ಹೇಳಿ ಹೋಗೋಣ ಅಂತ ಬಂದೆ.

ಸೇರುವ ಮೊದಲು ಮಾತಾಡಿದೆ. ಬೆಳಿಗ್ಗೆ ಎಂಟರಿಂದ ಸಂಜೆ ಆರು, ಹನ್ನೊಂದು ಸಾವಿರ, ಬುಧವಾರ ರಜೆ. ನೋಟ್‌ಬುಕ್ಕಿನಲ್ಲಿ ಬರೆಸಿ ಸಹಿ ಹಾಕಿಸಿಕೊಂಡಿದ್ದೇನೆ. ಅವರಿಗೆ ಸ್ವಲ್ಪ ಬೇಜಾರಾಯಿತು, "ಮನೆಯವರ ನಡುವೆ ಬರೆಯೋದು ಏಕೆ" ಎಂದರು. ನಾನು ನಕ್ಕು ಪೆನ್ನು ಮುಂದೆ ಹಿಡಿದೆ. ಕನಿಷ್ಠ ವೇತನದ ಪಟ್ಟಿ ತಂದು ಇಟ್ಟಿದ್ದೇನೆ, ಅಲ್ಲಿಗೆ ಇನ್ನೂ ಮುಟ್ಟಿಲ್ಲ. ಯುಗಾದಿ ಮೇಲೆ ಮತ್ತೆ ಕೇಳುತ್ತೇನೆ. ಗುಳಿಗೆ ಡಬ್ಬಿಗೆ ಫೋಟೋ ಅಂಟಿಸಿದೆ. ಮೂವರ ಬೆನ್ನೂ ಸ್ವಚ್ಛ ಇದೆ, ಒಬ್ಬರ ಹಿಮ್ಮಡಿ ಕೆಂಪಾಗಿತ್ತು, ದಿಂಬು ಕೊಟ್ಟ ಮೇಲೆ ಹೋಯಿತು.

ಒಂದು ಸಂಗತಿ ಮಾತ್ರ ದಿನಾ ಮನೆಗೆ ಹೊತ್ತುಕೊಂಡು ಬರುತ್ತೇನೆ. ಒಬ್ಬ ಅಜ್ಜ ಇದ್ದಾರೆ, ಎಂಬತ್ತು ದಾಟಿದೆ. ದಿನಾ ಸಂಜೆ ಐದಾಯಿತೆಂದರೆ ಕೈಚೀಲಕ್ಕೆ ಧೋತರ, ಟವೆಲ್ಲು, ಕನ್ನಡಕದ ಡಬ್ಬಿ ತುಂಬಿಕೊಂಡು ಗೇಟಿಗೆ ಬರುತ್ತಾರೆ. ಮನೆಗೆ ಹೋಗಬೇಕು. ಮನೆ ಎಲ್ಲಿ ಅಂದರೆ ಹಳೇ ಬಾಗಲಕೋಟೆ. ತಗ್ಗಿನ ಓಣಿ, ಆಲಮಟ್ಟಿಯ ಹಿನ್ನೀರು ಬಂದಾಗ ಮುಳುಗಿದ್ದು. ನವನಗರ ಅಂದರೇನೇ ಅವರಿಗೆ ಆಗದು. "ಸೆಕ್ಟರ್ ನಂಬರ್ ಹೇಳಿದ್ರ ಊರಾಗತ್ತೇನು?" ಅಂತಾರೆ.

ಮೊದಲ ವಾರ ನಾನು ನಿಜ ಹೇಳಿದೆ. ಅಜ್ಜಾರ, ಅದು ಮುಳುಗಿ ಎಷ್ಟೋ ವರ್ಷ ಆಯಿತಲ್ಲ ಅಂತ. ಅವರು ಗೇಟು ಹಿಡಿದು ನಿಂತು, ಇವತ್ತೇ ಮುಳುಗಿದ ಹಾಗೆ ಅತ್ತರು. ಮರುದಿನ ಮತ್ತೆ ಅದೇ, ಮತ್ತೆ ಅಳು. ಆಮೇಲೆ ನಾಳೆ ಹೋಗೋಣ ಅಂತ ಸುಳ್ಳು ಹೇಳಿದೆ, ಅದಕ್ಕೆ ನನ್ನ ಹೊಟ್ಟೆಯೇ ಒಪ್ಪಲಿಲ್ಲ. ಒಂದು ಸಂಜೆ ಅವರೇ ಕೇಳಿದರು, "ನೀರು ಇಳದಾವೇನು?" ಅಂತ. ಇನ್ನೂ ಇಲ್ಲ ಅಜ್ಜಾರ ಎಂದೆ. ಇದು ಸುಳ್ಳಲ್ಲ ಅಲ್ವಾ? ಅವರು ಹೂಂ ಅಂದು ಚೀಲ ನನ್ನ ಕೈಗೆ ಕೊಟ್ಟರು. ಈಗ ಐದಾಗುವ ಮೊದಲೇ ಲೈಟು ಹಾಕುತ್ತೇನೆ, ಒಂದು ಬುಟ್ಟಿ ಬಳ್ಳೊಳ್ಳಿ ಸುಲಿಯಲು ಕೊಡುತ್ತೇನೆ. ಕೆಲವು ದಿನ ಚೀಲ ನೆನಪಾಗುವುದಿಲ್ಲ. ನೆನಪಾದ ದಿನ ನೀರಿನ ಮಾತಾಡುತ್ತೇವೆ.

ಪಂಚಮಿಗೆ ಇಲ್ಲಿ ಬೇರೆಯದೇ ಗದ್ದಲ ಇರುತ್ತದಂತೆ. ಅಜ್ಜಿಯರೆಲ್ಲಾ ಅಣ್ಣ ಕರೆಯಲು ಬರುತ್ತಾನೆ ಅಂತ ಬಾಗಿಲಲ್ಲಿ ಕೂರುತ್ತಾರಂತೆ. ನನಗೂ ನನ್ನ ಜೊತೆಯವಳಿಗೂ ಅದೇ ದಿನ ತವರಿಗೆ ಹೋಗಬೇಕು. ಚೀಟಿ ಎತ್ತಿದೆವು, ಅವಳಿಗೆ ಹತ್ತಿತು.

ಅತ್ತೆಯವರು ಈಗ ಏನೂ ಅನ್ನುವುದಿಲ್ಲ. ಮೊನ್ನೆ ತಮ್ಮ ಹಳೇ ಹತ್ತಿ ಸೀರೆ ಆರು ಮಡಚಿ ಚೀಲದಲ್ಲಿಟ್ಟಿದ್ದರು. ಮಾತಾಡಲಿಲ್ಲ, ಇಟ್ಟರು ಅಷ್ಟೇ.

ಮರೆತಿದ್ದೆ, ಒಂದು ಅರ್ಜೆಂಟ್ ಪ್ರಶ್ನೆ. ಗಾಳಿ ಹಾಸಿಗೆಯ ಮೋಟರ್ ನಿನ್ನೆಯಿಂದ ಗುರ್ ಅನ್ನುತ್ತಿದೆ, ಒಂದು ಬದಿ ಉಬ್ಬುತ್ತಿಲ್ಲ. ಬಾಗಲಕೋಟೆಯಲ್ಲಿ ರಿಪೇರಿ ಮಾಡುವವರು ಯಾರಿಗಾದರೂ ಗೊತ್ತಾ?

ಎತ್ತುವ ಕೆಲಸ

ರಿಪೇರಿಗೆ ಓಡಬೇಡಿ ಅಕ್ಕಾರ. ಮಂಚದ ಕಾಲಿನ ಹತ್ತಿರ ಪೈಪ್ ಮಡಚಿಕೊಂಡಿದೆಯಾ ನೋಡಿ ಮೊದಲು. ನೂರಕ್ಕೆ ತೊಂಬತ್ತು ಸಲ ಅದೇ ಇರುತ್ತದೆ.

ನವನಗರದ ಸೊಸೆ

ಅದೇ ಇತ್ತು!